ದುರ್ಗಮ್ಮ ಬಚ್ಚಿಟ್ಟ ಸ್ಕ್ಯಾನಿಂಗ್ ಚೀಟಿ

ಭದ್ರಾವತಿಯ ಪುಟ್ಟಪ್ಪನಿಗೆ ಕೆಮ್ಮು ಶುರುವಾಗಿ ಎರಡು ತಿಂಗಳಾಗಿತ್ತು. ಗೂಡ್ಸ್ ಆಟೋ ಓಡಿಸುವವನು. ಧೂಳಿರಬೇಕು, ಬೀಡಿಯಿರಬೇಕು ಎಂದು ಕಷಾಯ ಕುಡಿದದ್ದೇ ಕುಡಿದದ್ದು. ಕಫದಲ್ಲಿ ರಕ್ತ ಕಂಡ ದಿನ ಹೆಂಡತಿ ದುರ್ಗಮ್ಮ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಎಕ್ಸ್‌ರೇ ಆಯಿತು. ಶ್ವಾಸಕೋಶದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೂ ಆಯಿತು.

ವರದಿ ತರಲು ದುರ್ಗಮ್ಮ ಒಬ್ಬಳೇ ಹೋಗಿದ್ದಳು. ಶ್ವಾಸಕೋಶದ ಕ್ಯಾನ್ಸರ್.

“ಎಷ್ಟು ಹರಡಿದೆ ಅಂತ ನೋಡ್ಬೇಕಮ್ಮ. ಶಿವಮೊಗ್ಗದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿ” ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು.

ಮನೆಗೆ ಬಂದವಳು ಗಂಡನಿಗೆ “ಕಫ ಕಟ್ಟಿದೆಯಂತೆ, ಅಷ್ಟೆ” ಎಂದಳು. ಚೀಟಿ ಹೊಲಿಗೆ ಯಂತ್ರದ ಡ್ರಾಯರ್ ಸೇರಿತು.

ಹನ್ನೆರಡು ದಿನ ಹಾಗೇ ಹೋದವು. ಒಂದು ಭಾನುವಾರ ಪಕ್ಕದ ಮನೆಯ ಸುಷ್ಮಾ ರವಿಕೆ ಹೊಲಿಸಲು ಬಂದಳು. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡುವ ಟೆಕ್ನಿಷಿಯನ್ ಅವಳು. ಟೇಪು ಹಿಡಿದು ಅಳತೆ ತೆಗೆಯುತ್ತಿದ್ದ ದುರ್ಗಮ್ಮನಿಗೆ ಅಳು ಒತ್ತರಿಸಿ ಬಂತು. ಎಲ್ಲ ಹೇಳಿಕೊಂಡಳು.

“ಚೀಟಿ ಯಾಕೆ ಬಚ್ಚಿಟ್ರಿ ಅಕ್ಕಾ?”

“ರೋಗ ಇದೆ ಅಂತ ಗೊತ್ತಾಯ್ತಲ್ಲ ಮಾರಾಯ್ತಿ, ಇನ್ನು ಎಲ್ಲಿವರೆಗೆ ಹೋಗಿದೆ ಅಂತ ನೋಡಿ ಏನು ಮಾಡ್ಲಿ? ಆ ಮೆಷಿನ್ನಿಗೆ ಮೈ ಕೊಟ್ರೆ ರೋಗ ಇನ್ನೂ ಹರಡುತ್ತಂತೆ.”

“ಇಲ್ಲಕ್ಕಾ, ಅದು ಬರೀ ಒಳಗಿನ ಚಿತ್ರ ತೆಗೆಯುತ್ತೆ. ಸ್ಕ್ಯಾನಿಂದ ಕ್ಯಾನ್ಸರ್ ಹರಡಲ್ಲ. ನೀವು ಅಳತೆ ತಗೊಳ್ದೆ ಬಟ್ಟೆಗೆ ಕತ್ತರಿ ಹಾಕ್ತೀರಾ? ಗಡ್ಡೆ ಎಷ್ಟು ದೊಡ್ಡದು, ಪಕ್ಕದ ಗ್ರಂಥಿಗೆ ಬಂದಿದ್ಯಾ, ಲಿವರ್‌ಗೆ ಹೋಗಿದ್ಯಾ, ಇದು ಗೊತ್ತಿಲ್ದೆ ಆಪರೇಷನ್ನೋ ಔಷಧಿಯೋ ಅಂತ ಡಾಕ್ಟರು ಹೇಗೆ ಹೇಳ್ತಾರೆ?”

“ಹರಡಿದ್ರೆ?”

“ಆಗ್ಲೂ ಚಿಕಿತ್ಸೆ ಇದೆ, ದಾರಿ ಬೇರೆ ಅಷ್ಟೆ. ಆದ್ರೆ ಹರಡದೇ ಇದ್ರೆ? ಹನ್ನೆರಡು ದಿನ ಸುಮ್ನೆ ಕಳ್ದಂಗಾಯ್ತಲ್ಲ!”

ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಪುಟ್ಟಪ್ಪ ನಿಂತಿದ್ದ.

“ನೀನು ವರದಿ ತಂದಾಗಿಂದ್ಲೇ ನಂಗೆ ಅನುಮಾನ ಇತ್ತು ಕಣೆ. ಆವತ್ತಿಂದ ನೀನು ಒಂದ್ಸಲನೂ ನನ್ನ ಬೈದಿಲ್ಲ” ಎಂದ ಅವನು. “ಚೀಟಿ ಕೊಡು. ನನ್ನ ಮೈ, ನಾನೂ ತಿಳ್ಕೋಬೇಕು.”

ಬುಧವಾರ ಇಬ್ಬರೂ ಶಿವಮೊಗ್ಗದ ಬಸ್ಸು ಹತ್ತಿದರು. ಸುಷ್ಮಾ ಹೇಳಿದಂತೆ ಹಳೆಯ ಎಕ್ಸ್‌ರೇ, ವರದಿ, ನುಂಗುವ ಮಾತ್ರೆಗಳ ಪಟ್ಟಿ ಎಲ್ಲ ಕೈಚೀಲದಲ್ಲಿದ್ದವು. ಕಿಡ್ನಿ ಸರಿಯಿದೆಯೇ ಎಂದು ಮೊದಲು ರಕ್ತ ಪರೀಕ್ಷೆ ಮಾಡಿದರು. ಅಲರ್ಜಿ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿಕೊಂಡರು.

ಒಳಗೆ ದೊಡ್ಡ ಬಳೆಯಂಥ ಯಂತ್ರ. ಎರಡೂ ಕಡೆ ತೆರೆದೇ ಇತ್ತು. ಮಂಚದ ಮೇಲೆ ಮಲಗಿಸಿ, ಚಿತ್ರ ಸ್ಪಷ್ಟವಾಗಿ ಬರಲೆಂದು ತೋಳಿನ ನರಕ್ಕೆ ಔಷಧಿ ಕೊಟ್ಟರು. ಮೈಯೆಲ್ಲ ಒಮ್ಮೆ ಬೆಚ್ಚಗಾಯಿತು. “ಉಸಿರು ಬಿಗಿಹಿಡೀರಿ... ಹ್ಞಾಂ, ಬಿಡಿ.” ಎದೆ, ಹೊಟ್ಟೆ ಎರಡರ ಚಿತ್ರವೂ ಕಾಲು ಗಂಟೆಯೊಳಗೆ ಮುಗಿಯಿತು.

“ಇಷ್ಟೇನಾ? ಇದಕ್ಕಾ ಹೆದರ್ಕೊಂಡು ಕೂತಿದ್ದು!” ಹೊರಗೆ ಬಂದ ಪುಟ್ಟಪ್ಪ ನಕ್ಕ.

ಶುಕ್ರವಾರ, ಚೀಟಿ ಬರೆದುಕೊಟ್ಟಿದ್ದ ಡಾಕ್ಟರು ಚಿತ್ರಗಳನ್ನು ಬೆಳಕಿಗೆ ಹಿಡಿದು ತೋರಿಸಿದರು. “ಬಲಗಡೆ ನೆಲ್ಲಿಕಾಯಷ್ಟು ಗಡ್ಡೆ ಇದೆ. ಪಕ್ಕದಲ್ಲಿ ಒಂದು ಗ್ರಂಥಿ ಊದಿದೆ, ಅದನ್ನ ಪರೀಕ್ಷೆ ಮಾಡ್ತೀವಿ. ಇನ್ನೂ ಒಂದೆರಡು ಸ್ಕ್ಯಾನ್ ಬೇಕಾಗುತ್ತೆ. ಆದ್ರೆ ಲಿವರ್‌ನಲ್ಲಿ, ಹೊಟ್ಟೆಯಲ್ಲಿ ಏನೂ ಕಾಣ್ತಿಲ್ಲ. ಗುಣ ಮಾಡೋಕೆ ದಾರಿ ಇದೆ.”

ದುರ್ಗಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿದಳು. ಎದೆಯ ಮೇಲಿನ ಬಂಡೆ ಇಳಿದಂತಾಗಿತ್ತು. ಎರಡು ವಾರದಿಂದ ನೆಟ್ಟಗೆ ಊಟ ಮಾಡದವಳು ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಎರಡು ತಟ್ಟೆ ಇಡ್ಲಿ ತಿಂದಳು. ಮುಂದಿನ ವಾರವೇ ಉಳಿದ ಪರೀಕ್ಷೆಗಳಾದವು, ತಿಂಗಳೊಳಗೆ ಚಿಕಿತ್ಸೆ ಶುರುವಾಯಿತು. ಪುಟ್ಟಪ್ಪ ಬೀಡಿ ಬಿಟ್ಟ.

ಅಕ್ಕಂದಿರೇ, ಅಣ್ಣಂದಿರೇ, ಮೂರು ವಾರ ದಾಟಿದ ಕೆಮ್ಮನ್ನು ಕಷಾಯಕ್ಕೇ ಬಿಡಬೇಡಿ. ಕಫದಲ್ಲಿ ರಕ್ತ ಕಂಡರೆ ಅಂದೇ ತೋರಿಸಿ. ಡಾಕ್ಟರು ಸ್ಕ್ಯಾನ್ ಬರೆದುಕೊಟ್ಟರೆ ಮುಂದೂಡಬೇಡಿ. ಅಲರ್ಜಿ, ಕಿಡ್ನಿ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಕಾಯಿಲೆ ಯಾರದೋ, ಅವರಿಂದಲೇ ಅದನ್ನು ಮುಚ್ಚಿಡಬೇಡಿ. ಗೊತ್ತಿಲ್ಲದ ಭಯಕ್ಕೆ ಔಷಧಿಯಿಲ್ಲ, ಗೊತ್ತಾದ ರೋಗಕ್ಕೆ ಇದೆ. ನಿಮ್ಮ ಮನೆಯಲ್ಲೂ ಅಂಥದೊಂದು ಚೀಟಿ ಇದ್ದರೆ, ನಾಳೆಯೇ ಹೊರಡಿ.