ಮೊದಲ ಸಾಲಿನ ಬೆಂಚು

"ಮುಂದೆ ಹೋಗೇ ಮಾರ್ಲಿಸ್, ಇನ್ನೂ ಹೊತ್ತು ಮೀರಿಲ್ಲ," ಎಂದು ಆರ್ಡಿಸ್ ಮೊಣಕೈಯಿಂದ ತಿವಿದಳು.

"ಹೋಗ್ತೀನಿ ತಾಳೇ. ಈ ಹಾಡೊಂದು ಮುಗೀಲಿ."

ಹಾಡು ಮುಗಿಯಿತು, ಪ್ರಾರ್ಥನೆ ಮುಗಿಯಿತು, ಬೈಬಲ್ ಓದಿದ್ದೂ ಆಯಿತು. ಮಾರ್ಲಿಸ್ ಟ್ವೇಟ್ ಮಾತ್ರ ವಿಶ್ವವಿದ್ಯಾಲಯದ ಚಾಪೆಲ್ಲಿನ ಕಟ್ಟಕಡೆಯ ಬೆಂಚಿನಲ್ಲಿ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಹಾಗೆ ಕೂತವಳು ಅವಳೊಬ್ಬಳೇ ಅಲ್ಲ. ಹಿಂದಿನ ಬೆಂಚುಗಳು ಕಿಕ್ಕಿರಿದು, ತಡವಾಗಿ ಬಂದವರು ಗೋಡೆಗೆ ಒರಗಿ ನಿಂತಿದ್ದರು. ಮುಂದಿನ ಸಾಲುಗಳು ಬಿಕೋ ಎನ್ನುತ್ತಿದ್ದವು. ಅಮೆರಿಕದ ಮಿನ್ನೆಸೋಟದ ಈ ಸೀಮೆಯ ಲುಥೆರನ್ ಪಂಗಡದ ಕ್ರೈಸ್ತರೇ ಹಾಗೆ. ಚರ್ಚಿನಲ್ಲಿ ಮುಂದೆ ಹೋಗಿ ಕೂರುವುದೆಂದರೆ 'ನನ್ನನ್ನು ನೋಡಿ' ಎಂದು ಡಂಗುರ ಹೊಡೆಸಿದಂತೆ ಅವರಿಗೆ.

ನರ್ಸಿಂಗ್ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಲಿಂಡ್‌ಗ್ರೆನ್ ಮೈಕಿನ ಮುಂದೆ ಬಂದು ಕೈ ಜೋಡಿಸಿದರು. "ಮನೆಯವರೆಲ್ಲ ದಯವಿಟ್ಟು ಮುಂದೆ ಬನ್ನಿ. ಪ್ರತಿ ವರ್ಷ ಹೇಳ್ತಾನೇ ಇದೀನಿ, ಮುಂದಿನ ಬೆಂಚು ಕಚ್ಚೋದಿಲ್ಲ."

ಎಲ್ಲರೂ ನಕ್ಕರು. ಒಬ್ಬರೂ ಏಳಲಿಲ್ಲ.

ಪದವಿ ಪ್ರದಾನದ ಹಿಂದಿನ ದಿನ ನಡೆಯುವ ಕಾರ್ಯಕ್ರಮ ಅದು. ಓದು ಮುಗಿಸಿದ ಒಬ್ಬೊಬ್ಬರನ್ನೂ ಕರೆದು ಬಿಳಿ ಅಂಗಿಯ ಕಾಲರಿಗೆ ಬೆಳ್ಳಿಯ ಪುಟ್ಟ ಪಿನ್ನು ಚುಚ್ಚುತ್ತಾರೆ. ಚುಚ್ಚುವವರು ಪ್ರೊಫೆಸರರಲ್ಲ, ಆ ವಿದ್ಯಾರ್ಥಿಯೇ ಆರಿಸಿಕೊಂಡ ಮನೆಮಂದಿ. ಮಾರ್ಲಿಸಳ ಮಗಳು ಸಿಗ್ನೆ ತಾಯಿಯನ್ನು ಆರಿಸಿಕೊಂಡಿದ್ದಳು. ಅದೂ ಒಂದು ಷರತ್ತಿನ ಮೇಲೆ.

ಷರತ್ತು ಹುಟ್ಟಿದ್ದು ಈಸ್ಟರ್ ದಿನ. ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ತಿಂಡಿಗೆ ಕೂತಿದ್ದಾಗ ಪಾಸ್ಟರರು ದೊಡ್ಡ ದನಿಯಲ್ಲಿ, "ನಮ್ಮ ಸಿಗ್ನೆ ಕ್ಲಾಸಿಗೇ ಮೊದಲು ಬಂದಿದ್ದಾಳಂತೆ!" ಎಂದರು. ಎಲ್ಲರ ಕಣ್ಣೂ ಮಾರ್ಲಿಸಳ ಮೇಲೆ ಬಿತ್ತು. ಅವಳಿಗೆ ಮೈಯೆಲ್ಲ ಬೆವೆತು, "ಅಯ್ಯೋ, ಅವರಿಗೆ ಬೇರೆ ಯಾರೂ ಸಿಕ್ಕಿರಲಿಕ್ಕಿಲ್ಲ ಬಿಡಿ," ಎಂದುಬಿಟ್ಟಳು. ಆ ಊರಿನಲ್ಲಿ ಯಾವ ತಾಯಿಯಾದರೂ ಹಾಗೆಯೇ ಅನ್ನುತ್ತಿದ್ದಳು. ಜನ ಮೆಚ್ಚಿ ನಕ್ಕರು. ಆದರೆ ಕಾಫಿ ಬಡಿಸುತ್ತಿದ್ದ ಸಿಗ್ನೆ ಹೂಜಿಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು.

ಆಮೇಲೆ ಫೋನು ಬಂದದ್ದು ಎಷ್ಟೋ ದಿನಗಳ ಮೇಲೆ. "ಅಮ್ಮ, ಪಿನ್ನು ನೀನೇ ಚುಚ್ಚಬೇಕು. ಮೊದಲ ಸಾಲಲ್ಲಿ, ಎಲ್ಲರಿಗೂ ಕಾಣೋ ಹಾಗೆ ಕೂತಿರು. ಅಲ್ಲಿ ನೀನಿಲ್ದೇ ಹೋದ್ರೆ ನಾನು ಯಾರನ್ನೂ ಕರೆಯಲ್ಲ. ನಾನೇ ಚುಚ್ಕೋತೀನಿ."

"ಅದಕ್ಕೆಲ್ಲ ಯಾಕೆ ಅಷ್ಟು ಮಾತು? ಬರ್ತೀನಿ," ಎಂದಿದ್ದಳು ಮಾರ್ಲಿಸ್.

ಮಗಳಿಗೆ ಗೊತ್ತಿಲ್ಲದ್ದೊಂದಿತ್ತು. ಮಾರ್ಲಿಸ್ ಶಾಲಾ ಬಸ್ಸಿನ ಡ್ರೈವರು. ಮಕ್ಕಳನ್ನೆಲ್ಲ ಇಳಿಸಿ ಖಾಲಿ ಬಸ್ಸನ್ನು ಶೆಡ್ಡಿಗೆ ಓಡಿಸುವಾಗ, ಜೋಳದ ಹೊಲಗಳ ನಡುವೆ ಯಾರೂ ಇಲ್ಲದ ಕಡೆ, "ನನ್ನ ಮಗಳು! ಕ್ಲಾಸಿಗೇ ಮೊದಲು!" ಎಂದು ಗಂಟಲು ಬಿಚ್ಚಿ ಕೂಗುತ್ತಿದ್ದಳು. ಹಿಗ್ಗಿ ಹೀರೇಕಾಯಿಯಾಗುತ್ತಿದ್ದಳು. ಶೆಡ್ಡು ಕಂಡೊಡನೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಈ ದಿನವೂ ಮೊದಲ ಸಾಲಿಗೆ ಹೋಗಲೆಂದೇ ಬಂದಿದ್ದಳು. ಒಳಗೆ ಕಾಲಿಟ್ಟದ್ದೇ ತಡ, ಕಾಲು ತಾನಾಗಿ ಹಿಂದಿನ ಬೆಂಚಿಗೆ ತಿರುಗಿತು.

"ಈಗ ಎದ್ರೆ ಎಲ್ಲಾ ನನ್ನನ್ನೇ ನೋಡ್ತಾರೆ ಕಣೇ," ಎಂದು ಪಿಸುಗುಟ್ಟಿದಳು. "ಎ, ಬಿ, ಸಿ ಅಂತ ಅಕ್ಷರದ ಪ್ರಕಾರ ಕರೀತಾರೆ. ಟ್ವೇಟ್ ಅಂದ್ರೆ ಕಡೇಲಿ. ಅಷ್ಟು ಹೊತ್ತಿಗೆ ಹೋದ್ರಾಯ್ತು."

"ನೋಡ್ಲಿ ಬಿಡು. ಬಸ್ಸಲ್ಲಿ ದಿನಾ ಮುಂದೆ ಕೂರೋಳಿಗೆ ಇಲ್ಲೇನು ಬಂತು ದಾಡಿ?" ಎಂದಳು ಆರ್ಡಿಸ್. ಪಕ್ಕದ ಮನೆಯವಳು. ಮಾರ್ಲಿಸಳ ಗಂಡ ತೀರಿಕೊಂಡಾಗಿನಿಂದ ಎಲ್ಲದಕ್ಕೂ ಜೊತೆಗಿದ್ದವಳು, ಬಾಯಿಯೂ ಅಷ್ಟೇ ಜೋರು.

ಅಷ್ಟರಲ್ಲಿ ಲಿಂಡ್‌ಗ್ರೆನ್ ಮತ್ತೆ ಮೈಕಿಗೆ ಬಂದರು. "ಈ ವರ್ಷ ಒಂದು ಬದಲಾವಣೆ. ಮೊದಲು ಯಾರನ್ನು ಕರೀಬೇಕು ಅಂತ ಜೊತೆಯಲ್ಲಿ ಓದಿದವರೇ ತೀರ್ಮಾನ ಮಾಡಿದ್ದಾರೆ. ಜನವರಿಯ ಹಿಮಗಾಳಿ ನೆನಪಿದೆಯಲ್ಲ? ನಮ್ಮ ವಿದ್ಯಾರ್ಥಿಗಳು ಸೇವೆಗೆ ಹೋಗೋ ವೃದ್ಧಾಶ್ರಮಕ್ಕೆ ಆವತ್ತು ಕೆಲಸದವರು ಯಾರೂ ಬರೋಕಾಗಲಿಲ್ಲ. ಒಬ್ಬ ಹುಡುಗಿ ಹಾಸ್ಟೆಲಿನಿಂದ ಹಿಮ ತುಳ್ಕೊಂಡು ನಡೆದು ಹೋದಳು. ರಸ್ತೆ ತೆರೆಯೋವರೆಗೂ ಅಲ್ಲೇ ಇದ್ದು ಎಲ್ಲರಿಗೂ ಉಣಿಸಿದಳು, ಮದ್ದು ಕೊಟ್ಟಳು. ಒಬ್ಬ ಅಜ್ಜಿ ಕಣ್ಣು ಮುಚ್ಚೋವಾಗ ಕೈ ಹಿಡ್ಕೊಂಡು ಹಾಡ್ತಾ ಕೂತಿದ್ದಳು. ಸಿಗ್ನೆ ಟ್ವೇಟ್."

ಈ ವಿಷಯವನ್ನು ಮಗಳು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಹಿಮಗಾಳಿ ನಿಂತ ಮೇಲೆ ಫೋನು ಮಾಡಿ, "ಇಲ್ಲೇನೂ ತೊಂದ್ರೆ ಇಲ್ಲಮ್ಮ," ಎಂದಿದ್ದಳಷ್ಟೇ. ಹೇಳಿಕೊಳ್ಳಬಾರದೆಂದು ಅವಳಿಗೆ ಕಲಿಸಿದವರು ಯಾರು? ಮಾರ್ಲಿಸ್ ಎರಡೂ ಕೈಯಿಂದ ಕೋಟನ್ನು ಹಿಸುಕಿದಳು.

ಸಿಗ್ನೆ ಮೆಟ್ಟಿಲ ಮೇಲೆ ಬಂದು ನಿಂತಳು. ಮೊದಲ ಸಾಲಿನ ಬೆಂಚನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಎದ್ದು ಹೋಗಬೇಕೆಂದು ಮಾರ್ಲಿಸಳಿಗೆ ಗೊತ್ತು, ಆದರೂ ಎದುರಿನ ಬೆಂಚನ್ನು ಹಿಡಿದು ಕೂತೇ ಇದ್ದಳು. ಲಿಂಡ್‌ಗ್ರೆನ್ ಬಗ್ಗಿ ಏನೋ ಕೇಳಿದರು. ಸಿಗ್ನೆ ಇಲ್ಲವೆಂದು ತಲೆಯಾಡಿಸಿ, ಪಕ್ಕದ ಮೇಜಿನ ಬಟ್ಟಲಿನಿಂದ ಪಿನ್ನು ತೆಗೆದುಕೊಂಡು, ತನ್ನ ಕಾಲರನ್ನು ತಾನೇ ಹಿಡಿದಳು.

"ನಿಲ್ಲೇ ಸಿಗ್ನೆ!"

ಕೂಗು ಚಾಪೆಲ್ಲಿನ ಸೂರಿಗೆ ಬಡಿಯಿತು. ಬಸ್ಸಿನ ತುಂಬ ಗಲಾಟೆ ಮಾಡುವ ಮಕ್ಕಳನ್ನು ಒಂದೇ ಏಟಿಗೆ ಸುಮ್ಮನಾಗಿಸುವ ಗಂಟಲು ಅದು. ಚಾಪೆಲ್ಲಿಗೆ ಚಾಪೆಲ್ಲೇ ಹಿಂತಿರುಗಿ ನೋಡಿತು. "ಮುಟ್ಟಬೇಡ ಅದನ್ನ! ಬಂದೆ!"

ಕೋಟು ಎಲ್ಲಿ ಬಿತ್ತೋ ಗೊತ್ತಿಲ್ಲ. ಮಾರ್ಲಿಸ್ ನಡುಹಾದಿಯಲ್ಲಿ ನಡೆದಳು. ಎರಡೂ ಬದಿಯಲ್ಲಿ ತನ್ನತ್ತ ತಿರುಗಿದ ಮುಖಗಳೇ. ಮುಖಕ್ಕೆ ರಕ್ತ ನುಗ್ಗಿ ಕಿವಿಯೆಲ್ಲ ಬಿಸಿಯಾಗಿತ್ತು, ಆದರೂ ಕಾಲು ನಿಲ್ಲಲಿಲ್ಲ.

"ಎಲ್ಲಿದ್ದೆ?" ಎಂದಳು ಸಿಗ್ನೆ.

"ಹಿಂದೆ. ಬೇರೆ ಎಲ್ಲಿರ್ತೀನಿ? ಕೊಡು ಇತ್ಲಾಗೆ."

ಪಿನ್ನು ಒಮ್ಮೆ ಜಾರಿತು, ಇನ್ನೊಮ್ಮೆ ಬೆರಳಿಗೇ ಚುಚ್ಚಿತು. ಕೊನೆಗೆ ಸೊಟ್ಟಗಾದರೂ ಕಾಲರಿಗೆ ಕೂತಿತು. ಚುಚ್ಚಿದವರು ಬೇಕಿದ್ದರೆ ಒಂದು ಮಾತಾಡಬಹುದು. ಯಾರೂ ಆಡುವುದಿಲ್ಲವೆಂದು ಲಿಂಡ್‌ಗ್ರೆನ್ ಮೈಕನ್ನು ಆಗಲೇ ತಮ್ಮ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಮಾರ್ಲಿಸ್ ಅದನ್ನು ಹಿಡಿದು ವಾಪಸು ಎಳೆದುಕೊಂಡಳು.

"ಇವಳು ನನ್ನ ಮಗಳು," ಎಂದಳು. "ಈಸ್ಟರ್ ದಿನ ನಮ್ಮೂರ ಚರ್ಚಲ್ಲಿ ನಾನೊಂದು ಮಾತಾಡಿದ್ದೆ. ಸುಳ್ಳು ಅದು. ಬೇರೆ ಯಾರೂ ಸಿಗದೆ ಇವಳು ಮೊದಲು ಬಂದದ್ದಲ್ಲ. ಇವಳಂಥೋರು ಬೇರೆ ಯಾರೂ ಇರ್ಲಿಲ್ಲ, ಅದಕ್ಕೆ ಬಂದ್ಲು. ನನಗೆ ಹೆಮ್ಮೆಯಿಂದ ಎದೆ ಬಿರಿದು ಹೋಗೋ ಹಾಗಾಗಿದೆ. ಅಷ್ಟೇ."

ಚಪ್ಪಾಳೆ ಬೀಳಲಿಲ್ಲ. ಆ ಜನಕ್ಕೆ ಏನು ಮಾಡಬೇಕೆಂದು ತೋಚಿದ್ದರೆ ತಾನೆ? ಯಾರೋ ಮೂಗು ಒರೆಸಿಕೊಂಡರು. ಸಿಗ್ನೆ ತಾಯಿಯ ಹೆಗಲಿಗೆ ಹಣೆ ಒತ್ತಿ, "ಸಾಕಮ್ಮ, ಒಂದು ವರ್ಷಕ್ಕಾಗುವಷ್ಟು ಹೇಳಿದೆ," ಎಂದು ಅಳುತ್ತ ನಕ್ಕಳು.

ಮಾರ್ಲಿಸ್ ಹಿಂದಿನ ಬೆಂಚಿಗೆ ಹೋಗಲಿಲ್ಲ. ಮೊದಲ ಸಾಲಿನ ನಟ್ಟನಡುವೆ ಒಬ್ಬಳೇ ಕೂತಳು. ಮುಂದಿನ ಹೆಸರು ಕರೆಯುವಷ್ಟರಲ್ಲಿ ಹಿಂದಿನಿಂದ ಹೆಜ್ಜೆ ಸದ್ದು ಕೇಳಿತು. ಆರ್ಡಿಸ್, ಇಬ್ಬರ ಕೋಟನ್ನೂ ತೋಳಿನ ಮೇಲೆ ಹಾಕಿಕೊಂಡು ಬಂದಿದ್ದಳು.

"ಸರ್ಕೋ," ಎಂದಳು.

ಆಮೇಲೆ ಇನ್ಯಾರೋ ಬಂದರು, ಅವರ ಹಿಂದೆ ಮತ್ಯಾರೋ. ಬೂಟಿನ ಸದ್ದು, ಕೆಮ್ಮು, ಬೆಂಚಿನ ಕಿರುಗುಟ್ಟುವಿಕೆ. ಮಾರ್ಲಿಸ್ ತಿರುಗಿ ನೋಡಲಿಲ್ಲ. ಇಷ್ಟು ವರ್ಷ ಅವಳೆದುರು ಯಾರದ್ದಾದರೂ ಬೆನ್ನು ಇದ್ದೇ ಇರುತ್ತಿತ್ತು. ಈಗ ಮೆಟ್ಟಿಲ ಮೇಲೆ ನಿಂತ ಮಗಳಿಗೂ ಅವಳಿಗೂ ನಡುವೆ ಏನೂ ಇರಲಿಲ್ಲ.