ವಾಪಸು ಕೊಟ್ಟ ಪುಸ್ತಕ

ಕುರ್ಚಿಗಳನ್ನು ಗಾಡಿಯಿಂದ ಎರಡೆರಡಾಗಿ ಇಳಿಸಿ ಮನೆಯ ಮುಂದೆ ಸಾಲಾಗಿ ಹಾಕುತ್ತಿದ್ದ ಅಟೆಂಡರು ಏಳನೆಯ ಜೋಡಿಯನ್ನು ಕೆಳಗಿಟ್ಟವನು ಹಾಗೇ ನಿಂತುಬಿಟ್ಟ. ಕುರ್ಚಿಯ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ದುಂಡಗಿನ ಅಕ್ಷರಗಳಿದ್ದವು: ‘ಗ್ರಂಥಾಲಯ. ಹೊರಗೆ ಒಯ್ಯಕೂಡದು.’ ಅದನ್ನು ಬರೆದವರು ಒಳಗೆ, ನಡುಮನೆಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದರು.

“ಇವತ್ತೊಂದು ದಿನ ಬೈಯೋರಿಲ್ಲ, ಇಳಿಸಪ್ಪಾ,” ಎಂದ ಗಾಡಿಯ ಮೇಲಿದ್ದ ಶಾಲೆಯ ಕಾವಲುಗಾರ. ತಮಾಷೆಗೆಂದು ಬಾಯಿಬಿಟ್ಟವನು ಆ ಕಡೆ ತಿರುಗಿದ. ಭಾನುವಾರ ಲೈಬ್ರರಿ ಮೇಡಂ ಶಾಲೆಯ ಗೇಟಿನ ಮುಂದೆ ಬಿದ್ದಿದ್ದನ್ನು ಮೊದಲು ನೋಡಿದವನು ಅವನೇ. “ರಜಾ ದಿನ ಯಾಕೆ ಬಂದ್ರೋ ಏನೋ. ಕೈಯಲ್ಲಿ ಊಟದ ಡಬ್ಬಿ ಬೇರೆ. ಎಷ್ಟು ಹೊತ್ತಿಂದ ಬಿಸಿಲಲ್ಲಿ ಕೂತಿದ್ರೋ,” ಎಂದು ಮೂರು ದಿನದಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಯಾಕೆ ಬಂದರೆಂಬುದು ಅಟೆಂಡರಿಗೆ ಗೊತ್ತಿತ್ತು. ಅವನು ಮುಂದಿನ ಜೋಡಿಗೆ ಕೈ ಹಾಕಿದ.

“ಮಾಮ, ಒಂದ್ನಿಮಿಷ ಬನ್ನಿ.”

ಮೇಡಂ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು ಅವಳು. ಯಾರ ಮನೆಯ ಸಾವಿನಲ್ಲೂ ಅಳದೆ ನಿಲ್ಲುವುದು ಅಭ್ಯಾಸವಾಗಿತ್ತು. ಇವತ್ತು ಆ ಅಭ್ಯಾಸ ಕೈಕೊಟ್ಟು ಕಣ್ಣುಗಳು ಊದಿಕೊಂಡಿದ್ದವು.

“ಸ್ಕೂಲಲ್ಲಿ ಯಾರಿಗೂ ಗೊತ್ತಿಲ್ವಲ್ಲ ಮಾಮ? ಅಮ್ಮನ ಮರೆವಿನ ವಿಷಯ?”

“ಇಲ್ಲಮ್ಮ.”

“ಹಾಗೇ ಇರ್ಲಿ. ಹನ್ನೊಂದಕ್ಕೆ ಅಮ್ಮನ್ನ ಒಯ್ಯೋ ಗಾಡಿ ಬರುತ್ತೆ. ಅಲ್ಲೀವರೆಗಾದ್ರೂ ಅವರು ಹೇಗಿದ್ರೋ ಹಾಗೇ ಇರ್ಲಿ.” ಅವಳು ಅವನ ಎರಡೂ ಕೈ ಹಿಡಿದುಕೊಂಡಳು. “ನೀವಿಲ್ದೇ ಇದ್ದಿದ್ರೆ ಎರಡು ವರ್ಷದ ಹಿಂದೇನೇ ಮನೆಗೆ ಕಳಿಸ್ಬಿಡ್ತಿದ್ರು. ಮರ್ಯಾದೆಯಿಂದ ಹೋದ್ರು ಅಮ್ಮ. ಅದು ನಿಮ್ಮಿಂದ.”

ಅಟೆಂಡರು ತಲೆಯಾಡಿಸಿದ. ಆ ಕೈಗಳನ್ನು ಬಿಡಿಸಿಕೊಳ್ಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

*

ಹತ್ತೊಂಬತ್ತು ವರ್ಷದ ಹಿಂದೆ ಗಂಟೆ ಹೊಡೆಯುವ ಕೆಲಸದಿಂದ ಲೈಬ್ರರಿಗೆ ಹಾಕಿದಾಗ ಅವನ ಪಾಲಿಗೆ ಪುಸ್ತಕವೆಂದರೆ ಧೂಳು ಹೊಡೆಯಬೇಕಾದ ಇನ್ನೊಂದು ಸಾಮಾನು. ಮೊದಲ ದಿನ ಮೇಡಂ ಅವನ ಅಂಗೈಗಳನ್ನು ತಿರುಗಿಸಿ ನೋಡಿ, “ಮೊದಲು ಕೈ ತೊಳ್ಕೊಂಡು ಬನ್ನಿ,” ಎಂದಿದ್ದರು. ಬಂದ ಮೇಲೆ ಗೋಡೆಯ ಮೇಲಿನ ನಿಯಮಗಳನ್ನು ಗಟ್ಟಿಯಾಗಿ ಓದಿಸಿದ್ದರು. ಚೀಲ ಹೊರಗೆ. ಮಾತು ಹೊರಗೆ. ಒಂದು ಕಾರ್ಡಿಗೆ ಒಂದು ಪುಸ್ತಕ, ಏಳು ದಿನ. ಹಾಳೆಯ ಮೂಲೆ ಮಡಿಸಿದವರಿಗೆ ಮುಂದಿನ ವಾರ ಪುಸ್ತಕವಿಲ್ಲ. ಕಳೆದವರು ಅದೇ ಪುಸ್ತಕ ತಂದುಕೊಡುವ ತನಕ ಕಾರ್ಡು ನಿಲ್ಲುತ್ತದೆ. ಎಂಟನೆಯ ದಿನ ಹೆಡ್‌ಮಾಸ್ಟರ ಮಗ ಬಂದರೂ ಮೇಡಂ ಮುಖ ನೋಡುವ ಬದಲು ಕ್ಯಾಲೆಂಡರ್ ನೋಡುತ್ತಿದ್ದರು. ಮಕ್ಕಳು ಬೆನ್ನ ಹಿಂದೆ ‘ಏಳು ದಿನದ ಮೇಡಂ’ ಎನ್ನುತ್ತಿದ್ದರು. ಗಂಡ ತೀರಿಕೊಂಡ ನಾಲ್ಕನೆಯ ದಿನಕ್ಕೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಅವತ್ತು ಐದನೇ ಕ್ಲಾಸಿನವರು ಪುಸ್ತಕ ಬದಲಿಸುವ ದಿನವಾಗಿತ್ತು.

ಅವರಿಬ್ಬರ ನಡುವೆ ಇನ್ನೊಂದು ನಿಯಮವಿತ್ತು, ಗೋಡೆಯ ಮೇಲೆ ಬರೆಯದ್ದು. ಬಾಗಿಲ ಒಳಗೆ ಅವನು ‘ಮೇಡಂ’ ಎನ್ನಬೇಕು. ಹೊರಗೆ ಬಂದು ಬೀಗ ಹಾಕಿದ ಮೇಲೆ ‘ಅಕ್ಕ’ ಎನ್ನಬಹುದು.

ಮರೆವು ಮೊದಲು ಕಾಣಿಸಿಕೊಂಡದ್ದು ತಾರೀಕಿನ ಮೊಹರಿನಲ್ಲಿ. ಒಂದು ಸೋಮವಾರ ಇಡೀ ಕ್ಲಾಸಿನ ಪುಸ್ತಕಗಳಿಗೆ ಹಿಂದಿನ ತಿಂಗಳ ತಾರೀಕು ಒತ್ತಿ ಕಳಿಸಿದರು. ಆಮೇಲೆ ಪದ್ಯದ ಪುಸ್ತಕಗಳ ನಡುವೆ ಭೂಗೋಳ ಸಿಕ್ಕಿತು, ನಿಘಂಟಿನ ಸಾಲಿನಲ್ಲಿ ಮಕ್ಕಳ ಕತೆ. ಅಟೆಂಡರು ಅರ್ಧ ಗಂಟೆ ಮುಂಚೆ ಬರತೊಡಗಿದ, ಕೊನೆಯ ಗಂಟೆಯಾದ ಮೇಲೂ ಉಳಿಯತೊಡಗಿದ. ಅವರು ತಪ್ಪು ಜಾಗದಲ್ಲಿಟ್ಟದ್ದನ್ನು ಅವರಿಗೆ ತಿಳಿಯದ ಹಾಗೆ ಸರಿಮಾಡಿಡುತ್ತಿದ್ದ. ತಿಳಿಯುವುದಿಲ್ಲವೆಂದೇ ನಂಬಿದ್ದ.

ಒಂದು ಮಧ್ಯಾಹ್ನ, ಕೋಣೆಯಲ್ಲಿ ಬೇರಾರೂ ಇಲ್ಲದಾಗ, ಅವರು ಕೇಳಿದರು: “ನಾನು ತಪ್ತಾ ಇದೀನಲ್ವಾ?”

“ಯಾರು ತಪ್ಪಲ್ಲ ಮೇಡಂ? ವಯಸ್ಸು.”

“ಈಗ ಮೇಡಂ ಬೇಡ. ಅಕ್ಕ ಅಂತ ತಿಳ್ಕೊಂಡು ಹೇಳಿ.”

ಅವನು ಒರೆಸುವ ಬಟ್ಟೆಯನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ಅಷ್ಟೇ ಉತ್ತರ ಸಾಕಾಯಿತು ಅವರಿಗೆ.

“ಇನ್ನೆರಡು ವರ್ಷ ಕಣಪ್ಪ. ಆಮೇಲೆ ನಾನೇ ಹೋಗ್ತೀನಿ. ಈ ಕೋಣೆ ಬಿಟ್ಟು ಮನೇಲಿ ಕೂತ್ರೆ ಇರೋದೂ ಹೋಗ್ಬಿಡುತ್ತೆ. ಅಲ್ಲೀವರೆಗೆ ನೋಡ್ಕೊತೀರಾ?” ಯಾರ ಮುಂದೆಯೂ ತಲೆ ತಗ್ಗಿಸದ ಹೆಂಗಸು ಮೇಜಿನ ಮೇಲೆ ಎರಡೂ ಕೈ ಇಟ್ಟು ಕೇಳುತ್ತಿದ್ದರು.

“ನೋಡ್ಕೊತೀನಿ ಅಕ್ಕ,” ಎಂದ. ಹೇಳುವಾಗ ಅದು ಕಪಾಟು ಜೋಡಿಸಿದಷ್ಟೇ ಸುಲಭದ ಮಾತೆನಿಸಿತ್ತು.

*

ಹತ್ತು ಗಂಟೆಯ ಹೊತ್ತಿಗೆ ಕುರ್ಚಿಗಳೆಲ್ಲ ತುಂಬಿದ್ದವು. ಅಟೆಂಡರು ನೀರಿನ ಲೋಟಗಳ ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಹೋಗುತ್ತಿದ್ದ.

“ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ರೂ ನಾಲ್ಕು ಸಾವಿರ ಪುಸ್ತಕದಲ್ಲಿ ಕೇಳಿದ್ದನ್ನ ತೆಗೆದುಕೊಡೋರು,” ಎಂದು ಹೆಡ್‌ಮಾಸ್ಟರು ಪಕ್ಕದವರಿಗೆ ಹೇಳುತ್ತಿದ್ದರು. “ಅಂಥ ನೆನಪು ಇನ್ನೊಬ್ಬರಲ್ಲಿ ನಾನು ಕಾಣಲಿಲ್ಲ. ಏನಪ್ಪಾ, ಹೌದೋ ಅಲ್ವೋ?”

“ಹೌದು ಸಾರ್,” ಎಂದ ಅಟೆಂಡರು.

“ಒಂದೇ ಒಂದು ಪುಸ್ತಕ ಆಚೀಚೆ ಆಗಿದ್ದಿಲ್ಲ.”

“ಇಲ್ಲ ಸಾರ್.”

ಅಷ್ಟರಲ್ಲಿ ಹತ್ತನೇ ಕ್ಲಾಸಿನ ಮಕ್ಕಳು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು. ಒಬ್ಬರ ಹಿಂದೆ ಒಬ್ಬರು, ಕೈಯಲ್ಲಿ ಒಂದೊಂದು ಬಿಳಿ ಹೂವು. ಬಾಗಿಲ ಬಳಿ ಬಂದು ಚಪ್ಪಲಿ ಬಿಡತೊಡಗಿದಾಗ ಅವನು ಸಾಲನ್ನೊಮ್ಮೆ ಕಣ್ಣಲ್ಲೇ ಸವರಿದ. ಕೊನೆಯಲ್ಲಿ, ಉಳಿದವರಿಗಿಂತ ಎರಡು ಹೆಜ್ಜೆ ಹಿಂದೆ, ಆ ಹುಡುಗಿ ಇದ್ದಳು. ಲಾರಿ ಡ್ರೈವರನ ಮಗಳು.

ಅವನು ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.

*

ಎಂಟನೇ ಕ್ಲಾಸಿನಲ್ಲಿದ್ದಾಗ ಆ ಹುಡುಗಿ ಊಟದ ಬಿಡುವನ್ನೆಲ್ಲ ಲೈಬ್ರರಿಯಲ್ಲೇ ಕಳೆಯುತ್ತಿದ್ದಳು. ತುತ್ತು ನುಂಗಿ ಮುಗಿಯುವ ಮುಂಚೆ ಬಂದು, “ಕೈ ತೊಳ್ದಿದೀನಿ ಮೇಡಂ,” ಎಂದು ಅಂಗೈ ತೋರಿಸುವಳು. ಮೇಡಂಗೆ ಅವಳೆಂದರೆ ಜೀವ. ಬಾಯಿಬಿಟ್ಟು ಹೇಳಿದವರಲ್ಲ, ಆದರೆ ಹೊಸ ಪುಸ್ತಕ ಬಂದರೆ ಅವಳ ಕೈಗೆ ಸಿಗುವ ಹಾಗೆ ಕೆಳಗಿನ ಸಾಲಿನಲ್ಲಿ ಇಡುತ್ತಿದ್ದರು.

ಅವಳು ಒಯ್ದಿದ್ದು ಹಕ್ಕಿಗಳ ಪುಸ್ತಕ. ಬಣ್ಣದ ಚಿತ್ರಗಳಿದ್ದದ್ದು, ಈಗ ಅಂಗಡಿಗಳಲ್ಲಿ ಸಿಗದ್ದು. ಏಳನೆಯ ದಿನ ತಂದು ಮೇಡಂ ಕೈಗೇ ಕೊಟ್ಟಳು. ಮೇಡಂ ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಮರುವಾರ ಕ್ಲಾಸಿನ ಎಲ್ಲರ ಎದುರಿಗೆ ಕೇಳಿದರು: “ಪುಸ್ತಕ ಎಲ್ಲಿ?”

“ಕೊಟ್ಟೆ ಮೇಡಂ. ನಿಮ್ಮ ಕೈಗೇ ಕೊಟ್ಟೆ.”

“ಕೊಟ್ಟಿದ್ರೆ ಇಲ್ಲಿ ಬರ್ದಿರ್ತಿತ್ತು. ಕಳ್ಕೊಂಡಿದ್ರೆ ಕಳ್ಕೊಂಡೆ ಅನ್ನು. ಸುಳ್ಳು ಹೇಳ್ಬೇಡ.”

“ಸುಳ್ಳಲ್ಲ ಮೇಡಂ!”

ಹುಡುಗಿ ಅತ್ತಳು. ಮೇಡಂ ಕಾರ್ಡನ್ನು ತೆಗೆದು ಮೇಜಿನ ಖಾನೆಗೆ ಹಾಕಿ ಬೀಗ ತಿರುಗಿಸಿದರು. ಅಟೆಂಡರು ಕಪಾಟಿನ ಪಕ್ಕದಲ್ಲೇ ನಿಂತಿದ್ದ. ಕೊಟ್ಟದ್ದನ್ನು ಅವನು ಕಂಡಿರಲಿಲ್ಲ. ಆದರೆ ಮಗು ಸುಳ್ಳಾಡುತ್ತಿಲ್ಲವೆಂದು ಅವನಿಗೆ ಗೊತ್ತಾಗಿತ್ತು.

ಹತ್ತು ದಿನ ಹುಡುಕಿದ. ಹನ್ನೊಂದನೆಯ ದಿನ ನಕಾಶೆಗಳ ಉದ್ದನೆಯ ಪೆಟ್ಟಿಗೆಯ ತಳದಲ್ಲಿ, ಸುತ್ತಿಟ್ಟ ನಕಾಶೆಗಳ ಕೆಳಗೆ, ಹಕ್ಕಿಗಳ ಪುಸ್ತಕ ಸಿಕ್ಕಿತು. ಅದರ ಜೊತೆಗೆ ಮೇಡಂ ಕನ್ನಡಕದ ಡಬ್ಬಿಯೂ ಇತ್ತು.

ಕೈಯಲ್ಲಿ ಪುಸ್ತಕ ಹಿಡಿದು ಎಷ್ಟೋ ಹೊತ್ತು ನಿಂತ. ಹುಡುಗಿಯ ಕ್ಲಾಸು ಮಹಡಿಯ ಮೇಲೆ, ಹದಿನೆಂಟು ಮೆಟ್ಟಿಲು. ಹತ್ತಿಹೋಗಿ ‘ಸಿಕ್ಕಿತಮ್ಮ’ ಎಂದರೆ ಮುಗಿಯಿತು. ಆದರೆ ಎಲ್ಲಿ ಸಿಕ್ಕಿತು, ಅಲ್ಲಿ ಇಟ್ಟವರಾರು ಎಂದು ಕೇಳದೆ ಇರುತ್ತಾರೆಯೇ? ಅದೇ ವಾರ ಹೆಡ್‌ಮಾಸ್ಟರು, “ಮೇಡಂಗೆ ಈಚೆಗೆ ಏನಾಗಿದೆ?” ಎಂದು ಅವನನ್ನು ಕರೆಸಿ ಕೇಳಿದ್ದರು. ಅವನು ಪುಸ್ತಕವನ್ನು ಊಟದ ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ದ. ನಾಳೆ ಏನಾದರೂ ದಾರಿ ಹುಡುಕೋಣ ಎಂದುಕೊಂಡ. ಹಾಗೆ ಎಷ್ಟೋ ನಾಳೆಗಳು ಹೋದವು.

ಎರಡು ತಿಂಗಳಾದ ಮೇಲೆ ಒಂದು ದಿನ ಲಾರಿ ಡ್ರೈವರ್ ಮಗಳ ಜೊತೆ ಬಂದ. ಲೋಡು ಇಳಿಸಿದ ಊರೂರಲ್ಲೂ ಹಳೇ ಪುಸ್ತಕದ ಅಂಗಡಿಗಳನ್ನು ಸುತ್ತಿ, ಅದೇ ಪುಸ್ತಕದ ಇನ್ನೊಂದು ಪ್ರತಿಯನ್ನು ಪೇಪರಿನಲ್ಲಿ ಸುತ್ತಿ ತಂದಿದ್ದ. ಚಪ್ಪಲಿ ಬಾಗಿಲಲ್ಲೇ ಬಿಟ್ಟು, “ಮಗು ತಪ್ಪು ಮಾಡಿದೆ ಮೇಡಂ, ಹೊಟ್ಟೇಲಿ ಹಾಕ್ಕೊಳ್ಳಿ,” ಎಂದು ಎರಡು ಕೈಯಿಂದ ಕೊಟ್ಟು ಕೈಮುಗಿದ. ಮೇಡಂ ಹಳೆಯ ನಂಬರನ್ನೇ ಅದರ ಮೇಲೆ ಬರೆದು, ಮೊಹರು ಒತ್ತಿ, ಕಾರ್ಡನ್ನು ವಾಪಸು ಕೊಟ್ಟರು. ನೀರು ತಂದುಕೊಟ್ಟವನು ಅಟೆಂಡರೇ.

ಕಾರ್ಡು ಹಿಂದಿರುಗಿತು, ಹುಡುಗಿ ಮಾತ್ರ ಮತ್ತೆ ಬರಲಿಲ್ಲ. ಮೊದಮೊದಲು ಮೇಡಂ ಊಟದ ಬಿಡುವಿನಲ್ಲಿ ಬಾಗಿಲ ಕಡೆ ನೋಡುತ್ತಿದ್ದರು. “ಒಂದು ಹುಡುಗಿ ಬರ್ತಿದ್ಲಲ್ಲ, ಅಂಗೈ ತೋರಿಸ್ಕೊಂಡು? ಯಾಕೆ ಬರ್ತಿಲ್ಲ?” ಎಂದು ಕೇಳುತ್ತಿದ್ದರು. ಆಮೇಲೆ ಕೇಳುವುದನ್ನೂ ಮರೆತರು.

*

“ಅಂಕಲ್,” ಎಂದಳು ಹುಡುಗಿ. ಅವನು ನೋಡುತ್ತಿರುವುದನ್ನು ಕಂಡು ತಾನೇ ಹತ್ತಿರ ಬಂದಿದ್ದಳು. ಎತ್ತರವಾಗಿದ್ದಳು. “ಒಳಗೆ ಹೋದಾಗ ಒಂದ್ನಿಮಿಷ ಜಾಸ್ತಿ ನಿಂತ್ಕೊಂಡ್ರೆ ಯಾರಾದ್ರೂ ಬೈತಾರಾ?”

“ಯಾಕಮ್ಮ?”

“ಮೇಡಂ ಹತ್ರ ಕ್ಷಮೆ ಕೇಳ್ಬೇಕು.” ಹೂವಿನ ತೊಟ್ಟನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. “ಅವತ್ತು ಎಲ್ಲರ ಮುಂದೆ ಎದುರುತ್ತರ ಕೊಟ್ಬಿಟ್ಟೆ. ನಿಮ್ಮ ಕೈಗೇ ಕೊಟ್ಟೆ ಅಂತ ಕೂಗಾಡಿದೆ. ಕೊಟ್ಟಿದ್ದು ಕಣ್ಣಿಗೆ ಕಟ್ದಂಗಿತ್ತು ಅಂಕಲ್, ಆಣೆ. ಆಮೇಲೆ ಯೋಚನೆ ಮಾಡ್ದೆ. ಮೇಡಂ ಯಾವತ್ತೂ ಮರೆಯಲ್ಲ ಅಂತ ಎಲ್ಲರೂ ಹೇಳ್ತಾರೆ. ಹಾಗಾದ್ರೆ ನನ್ನ ತಲೇನೇ ಸರಿ ಇಲ್ಲ. ಈಗ ಏನೇ ಕೊಟ್ರೂ ಬರ್ಕೊಂಡು ಇಟ್ಕೊತೀನಿ.”

“ನಿಮ್ಮಪ್ಪ ಬೈದ್ರಾ ಆಗ?”

“ಒಂದು ಮಾತೂ ಬೈಲಿಲ್ಲ. ಅದನ್ನೇ ತಡ್ಕೊಳಕ್ಕಾಗ್ಲಿಲ್ಲ.”

ಅಟೆಂಡರು ಒಳಗೆ ನೋಡಿದ. ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಮಗಳು ಕೂತಿದ್ದಳು. ಹನ್ನೊಂದಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಸುಮ್ಮನಿದ್ದರೆ ಆಯಿತು. ಎರಡು ವರ್ಷ ಸುಮ್ಮನಿದ್ದವನಿಗೆ ಇಪ್ಪತ್ತು ನಿಮಿಷ ಯಾವ ಮಹಾ? ಆದರೆ ಈ ಮಗು ಹೋಗಿ ಅಲ್ಲಿ ಕೈಮುಗಿದು ಕ್ಷಮೆ ಕೇಳುವುದನ್ನು ತಾನು ನಿಂತು ನೋಡಬೇಕು.

“ಈ ಕಡೆ ಬಾಮ್ಮ,” ಎಂದು ಅವಳನ್ನು ಮನೆಯ ಪಕ್ಕದ ಸಂದಿಗೆ ಕರೆದುಕೊಂಡು ಹೋದ. ನೀರಿನ ತೊಟ್ಟಿಯ ಮೇಲೆ ಕೈ ಊರಿಕೊಂಡು ಹೇಳಿದ. ಹೇಳಲು ಎಷ್ಟು ಕಡಿಮೆ ಮಾತು ಬೇಕಾಯಿತೆಂದು ಅವನಿಗೇ ಆಶ್ಚರ್ಯವಾಯಿತು. ನೀನು ಕೊಟ್ಟಿದ್ದೆ. ಅವರಿಗೆ ಮರೆವಿನ ಕಾಯಿಲೆ ಇತ್ತು. ಪುಸ್ತಕ ನನಗೆ ಸಿಕ್ತು, ನಿಮ್ಮಪ್ಪ ತರೋ ಮುಂಚೆ. ನಾನು ಹೇಳಲಿಲ್ಲ.

ಹುಡುಗಿ ಅವನನ್ನೇ ನೋಡಿದಳು. ಮುಖದಲ್ಲಿ ಮೊದಲು ಏನೋ ಬೆಳಗಿದಂತಾಯಿತು. “ನಾನು ಕೊಟ್ಟಿದ್ದೆ,” ಎಂದಳು. “ನಾನು ಕೊಟ್ಟಿದ್ದೆ ಅಲ್ವಾ?” ಮತ್ತೆ ಆ ಬೆಳಕು ಹಾಗೆಯೇ ಹೋಯಿತು.

“ನಮ್ಮಪ್ಪ ಅವತ್ತು ಕೈಮುಗಿದ್ರು. ನೀವು ಅಲ್ಲೇ ಇದ್ರಿ.”

“ಇದ್ದೆ.”

“ನೀರು ಕೊಟ್ರಿ.”

“ಹೌದಮ್ಮ.”

“ಈಗ ಯಾಕೆ ಹೇಳಿದ್ರಿ ಅಂಕಲ್? ಮೊದಲೇ ಹೇಳ್ಬೇಕಿತ್ತು, ಇಲ್ಲ ಹೇಳ್ಲೇಬಾರ್ದಿತ್ತು. ಅವರು ಸತ್ತು ಮಲಗಿದಾರೆ. ಪಾಪ, ಕಾಯಿಲೆ ಅಂತೀರಿ. ನಾನೀಗ ಯಾರ ಮೇಲೆ ಸಿಟ್ಟು ಮಾಡ್ಕೊಳ್ಲಿ?”

“ನನ್ನ ಮೇಲೆ ಮಾಡ್ಕೋ.”

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು: ನೆರೆತ ತಲೆ, ಹೆಗಲ ಮೇಲಿನ ಒರೆಸುವ ಬಟ್ಟೆ. ಸಿಟ್ಟು ಮಾಡಿಕೊಳ್ಳುವಷ್ಟು ದೊಡ್ಡವನಾಗಿ ಅವನು ಕಾಣಲಿಲ್ಲವೇನೋ. ತಿರುಗಿ ಹೋದಳು.

ಅವನು ಹಿಂದೆಯೇ ಬಂದ. ಅವಳ ಕ್ಲಾಸಿನವರು ಹೂವಿಟ್ಟು ಹೊರಗೆ ಹೋಗುತ್ತಿದ್ದರು. ಅವಳು ಸಾಲಿನ ಕೊನೆಯಲ್ಲಿ ನಿಂತಳು. ಅವಳ ಹಿಂದೆ ಕುರ್ಚಿಗಳಿಂದ ಎದ್ದ ಹಿರಿಯರು, ನೆರೆಮನೆಯವರು, ಹಳೆಯ ವಿದ್ಯಾರ್ಥಿಗಳು ಸೇರಿಕೊಂಡರು. ಅಟೆಂಡರಿಗೆ ಹೊಸ್ತಿಲ ಬಳಿ ಜಾಗ ಸಿಕ್ಕಿತು, ಅವಳಿಗಿಂತ ಐದಾರು ಜನದ ಹಿಂದೆ. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು.

ಹುಡುಗಿಯ ಸರದಿ ಬಂತು. ಮುಂದೆ ಹೋಗಿ ಪೆಟ್ಟಿಗೆಯ ಎದುರು ನಿಂತಳು. ಹೂವು ಹಿಡಿದ ಕೈ ಎದೆಯ ಮಟ್ಟಕ್ಕೆ ಬಂತು. ಅಲ್ಲಿಂದ ಮುಂದೆ ಹೋಗಲೂ ಇಲ್ಲ, ಕೆಳಗಿಳಿಯಲೂ ಇಲ್ಲ.

“ಇಡಮ್ಮ. ಇಟ್ಟು ಮುಂದೆ ಹೋಗು,” ಎಂದರು ಹಿಂದಿದ್ದ ಹೆಡ್‌ಮಾಸ್ಟರು, ಮೆಲ್ಲನೆ.

ಅವಳು ಅಲ್ಲಾಡಲಿಲ್ಲ. ಮಗಳು ತಲೆಯೆತ್ತಿ ಅವಳನ್ನು ನೋಡಿದಳು, ಆಮೇಲೆ ಅವಳ ಹೆಗಲಾಚೆ ಹೊಸ್ತಿಲಲ್ಲಿದ್ದ ಅಟೆಂಡರನ್ನು ನೋಡಿದಳು, ನೋಡುತ್ತಲೇ ಉಳಿದಳು. ಗಾಡಿಯವನು ಒಮ್ಮೆ ಹಾರ್ನ್ ಒತ್ತಿದ. ಸಾಲು ಬಾಗಿಲು ದಾಟಿ, ಅಂಗಳ ದಾಟಿ, ಬೀದಿಯವರೆಗೂ ಬೆಳೆದಿತ್ತು. ಅಲ್ಲಿದ್ದವರು ಯಾಕೆ ನಿಂತಿತೆಂದು ತಿಳಿಯದೆ ಕತ್ತು ಚಾಚುತ್ತಿದ್ದರು. ಒಳಗೆ, ಎಲ್ಲರ ಮುಂದೆ, ಹದಿನೈದು ವರ್ಷದ ಹುಡುಗಿ ಹೂವು ಹಿಡಿದುಕೊಂಡು ನಿಂತೇ ಇದ್ದಳು.