ಗಡಿಯಾರದಣ್ಣನ ತಾಯಿಯ ಕಣ್ಣು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎದುರುಬದುರಾಗಿ ಎರಡು ಅಂಗಡಿಗಳಿವೆ. ಒಂದರಲ್ಲಿ ಗಡಿಯಾರ ರಿಪೇರಿ, ಇನ್ನೊಂದರಲ್ಲಿ ಬಟ್ಟೆ ಹೊಲಿಗೆ. ನಾಲ್ಕು ವರ್ಷಗಳಿಂದ ಗಡಿಯಾರದಣ್ಣನ ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತ ಬಂದಿತ್ತು, ಕೊಳವೆಯೊಳಗಿಂದ ನೋಡಿದ ಹಾಗೆ. ಬಿಸಿಲಿನಿಂದ ಒಳಗೆ ಬಂದರೆ ಹೊಸ್ತಿಲು ಎಡವುತ್ತಿದ್ದ. ಮೇಜಿನಿಂದ ಒಂದು ಸ್ಕ್ರೂ ಬಿದ್ದರೂ ಹೆಂಡತಿಯನ್ನು ಕೂಗಬೇಕಾಗಿತ್ತು.

ಎದುರಿನ ಟೈಲರಮ್ಮನಿಗೂ ಒಂದು ಕಾಲದಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಯಾರೋ ದಾನ ಮಾಡಿದ ಕಣ್ಣಿನಿಂದ ಅವಳಿಗೆ ನೋಟ ಬಂತು. ಈಗ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತಾಳೆ. ಗಡಿಯಾರದಣ್ಣನಿಗೆ ಸರಿಯಾಗಿ ಕಾಣುತ್ತಿದ್ದದ್ದು ನೇರ ಎದುರಿನದು ಮಾತ್ರ. ನೇರ ಎದುರಿಗೆ ಅವಳೇ ಕೂತಿರುತ್ತಿದ್ದಳು.

ನಿಂತುಹೋದ ಗಡಿಯಾರದ ಭಾಗ ಬಿಚ್ಚಿ ಓಡುವ ಗಡಿಯಾರಕ್ಕೆ ಹಾಕುವುದು ಅವನ ಕಸುಬು. ಹಾಗಾಗಿ ಆಸ್ಪತ್ರೆಯಲ್ಲಿ ಅವನು ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಡಾಕ್ಟರನ್ನು ಕೇಳಿದ್ದ. "ನಮ್ಮಮ್ಮನಿಗೆ ಎಪ್ಪತ್ತೆಂಟು, ಕಣ್ಣು ಮಾತ್ರ ಗಟ್ಟಿ. ಇವರ ಕಾಲ ಆದಮೇಲೆ ಆ ಪಾರ್ಟು ನನಗೆ ಹಾಕ್ತೀರಾ?"

ತಾಯಿ ನಕ್ಕರು. "ಇನ್ನೂ ಓಡ್ತಾ ಇರೋ ಗಡಿಯಾರಾನೇ ಬಿಚ್ಚೋಕೆ ಬಂದಿದ್ದಾನೆ ನೋಡಿ."

ಡಾಕ್ಟರು ನಗಲಿಲ್ಲ. "ಕಣ್ಣಿನ ಮುಂದಿನ ಗಾಜು ಕಾರ್ನಿಯಾ. ಅದನ್ನ ಬದಲಾಯಿಸಬಹುದು, ನಿಮ್ಮ ಎದುರಂಗಡಿ ಟೈಲರಮ್ಮನಿಗೆ ನಾನು ಬದಲಾಯಿಸಿದ್ದು ಅದನ್ನೇ. ನಿಮಗೆ ಕೆಟ್ಟಿರೋದು ಹಿಂದಿನ ಪರದೆ, ಅಕ್ಷಿಪಟ. ಅದು ಮಿದುಳಿನದೇ ಒಂದು ತುಂಡು. ಲಕ್ಷಾಂತರ ನರದ ಎಳೆಗಳು. ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಜೋಡಿಸೋಕೆ ಇನ್ನೂ ಯಾರಿಗೂ ಬರಲ್ಲ."

ಅಂದೇ ತಾಯಿ ಕಣ್ಣುದಾನದ ಅರ್ಜಿಗೆ ಸಹಿ ಹಾಕಿದರು. ಮಗ ಮನೆಗೆ ಬಂದಮೇಲೆ ಹೆಂಡತಿಗೆ ಹೇಳಿದ, "ಯಾರೋ ಸತ್ತರು, ಎದುರಂಗಡಿಯವಳಿಗೆ ಬೆಳಕಾಯ್ತು. ನಾಳೆ ನಮ್ಮಮ್ಮ ಹೋದರೂ ಇನ್ಯಾರಿಗೋ ಬೆಳಕು. ನನ್ನ ಪಾಲಿಗೇನಿದೆ?"

"ನಾನಿದ್ದೀನಲ್ಲ, ಸ್ಕ್ರೂ ಹುಡುಕೋಕೆ."

ಮರುವರ್ಷ ಒಂದು ಬೆಳಿಗ್ಗೆ ಒಂಬತ್ತು ಹತ್ತಕ್ಕೆ ತಾಯಿ ತೀರಿಕೊಂಡರು. ಎದೆನೋವು ಎಂದು ಮಲಗಿದವರು ಏಳಲಿಲ್ಲ. ಹೆಂಡತಿ ಕಣ್ಣೊರೆಸಿಕೊಂಡು ಫೋನ್ ಎತ್ತಿಕೊಂಡಳು. "ಕಣ್ಣಿನ ಬ್ಯಾಂಕಿಗೆ ಹೇಳಬೇಕಲ್ಲ?"

"ಅಕ್ಕ ಬರಲಿ" ಎಂದ ಅವನು.

ಅಕ್ಕ ಇದ್ದದ್ದು ಬೇರೆ ಊರಿನಲ್ಲಿ. ಬಸ್ಸು ಬರುವುದು ಎರಡು ಗಂಟೆಗೆ. ಅವಳು ಅತ್ತು ಸುಧಾರಿಸಿಕೊಳ್ಳುವಷ್ಟರಲ್ಲಿ ಮೂರು ದಾಟುತ್ತದೆ. ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಮನೆಯವರೂ ಸಹಿ ಹಾಕಬೇಕು ಎಂದು ಆಸ್ಪತ್ರೆಯವರು ಹೇಳಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಬೇಡ ಎಂದು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ಸುಮ್ಮನೆ ಕೂತರೆ ಸಾಕಾಗಿತ್ತು. ಅವನು ಸುಮ್ಮನೆ ಕೂತ.

ಹನ್ನೊಂದೂವರೆಗೆ ಟೈಲರಮ್ಮ ಬಂದಳು. ಯಾರನ್ನೂ ಕೇಳದೆ, ಕಣ್ಣು ಒಣಗದಿರಲೆಂದು ಫ್ಯಾನ್ ಆರಿಸಿದಳು. ತಾಯಿಯ ತಲೆಯ ಕೆಳಗೆ ಇನ್ನೊಂದು ದಿಂಬು ಇಟ್ಟಳು. ರೆಪ್ಪೆ ಸರಿಯಾಗಿ ಮುಚ್ಚಿ, ಹತ್ತಿಯನ್ನು ನೀರಿನಲ್ಲಿ ಅದ್ದಿ ಹಿಂಡಿ ಮೇಲಿಟ್ಟಳು.

"ಇದೆಲ್ಲ ಮಾಡೋಕೆ ನಿನಗೆ ಯಾರು ಹೇಳಿದ್ದು?"

"ನಿಮ್ಮಮ್ಮ. ರವಿಕೆ ಅಳತೆ ಕೊಡೋಕೆ ಬಂದಾಗ ಹೇಳಿದ್ರು. ನನ್ನ ಮಗ ಮರೆತಾನು, ನೀನು ಮರೀಬೇಡ ಅಂತ."

ಅಮ್ಮ ಇದನ್ನು ತನಗೆ ಹೇಳದೆ ಇವಳಿಗೆ ಹೇಳಿದ್ದರು. ಅವನು ದನಿ ಏರಿಸಿದ. "ಅಕ್ಕ ಬರೋವರೆಗೂ ಯಾರೂ ಮುಟ್ಟೋದು ಬೇಡ."

ಹೆಂಡತಿ ತಲೆ ಎತ್ತದೆ ಹೇಳಿದಳು. "ನಿಮ್ಮಕ್ಕ ಹತ್ತು ಗಂಟೆಗೇ ಫೋನಿನಲ್ಲಿ ಒಪ್ಪಿದ್ದಾರೆ. ನಿಮಗೆ ಹೇಳಿದೆ, ನೀವು ಕೇಳಿಸಿಕೊಳ್ಳಲಿಲ್ಲ."

ಆಮೇಲೆ ಟೈಲರಮ್ಮ ಅವನ ಎದುರಿಗೆ ನೆಲದ ಮೇಲೆ ಕೂತಳು. "ಅಣ್ಣಾ, ನಾನು ದಾರ ಪೋಣಿಸುವಾಗೆಲ್ಲ ನೀವು ಮುಖ ತಿರುಗಿಸ್ತೀರ. ನನಗೆ ಕಣ್ಣು ಬಂದಮೇಲೆ ಈ ಬೀದೀಲಿ ಮೊದಲು ಕಂಡಿದ್ದೇ ಅದು."

"ಹೌದು, ಹೊಟ್ಟೆ ಉರಿಯುತ್ತೆ. ಏನೀಗ?"

"ಉರೀಲಿ ಬಿಡಿ. ಹೊಟ್ಟೆ ಉರೀತಾ ಇದ್ದರೂ ಸಹಿ ಹಾಕಬಹುದು."

ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಹೆಂಡತಿ ಫೋನ್ ಮಾಡಿದಳು.

ಕಣ್ಣಿನ ಬ್ಯಾಂಕಿನ ನರ್ಸು ಅರ್ಧ ಗಂಟೆಯಲ್ಲಿ ಬಂದಳು. ಮುಖ ವಿಕಾರವಾಗುತ್ತದೆಯೇ ಎಂದು ಹೆಂಡತಿ ಮೆಲ್ಲಗೆ ಕೇಳಿದಳು. "ಇಲ್ಲಮ್ಮ, ರೆಪ್ಪೆ ಮುಚ್ಚಿಯೇ ಇರುತ್ತೆ, ಮಲಗಿದ ಹಾಗೇ ಕಾಣ್ತಾರೆ. ಅರ್ಧ ಗಂಟೆ ಕೆಲಸ, ಅಷ್ಟೇ." ಆಮೇಲೆ ತಾಯಿಯ ಅರ್ಜಿ ಓದಿದಳು. "ಇವರು ಎರಡಕ್ಕೂ ಒಪ್ಪಿದ್ದಾರೆ. ಕಾರ್ನಿಯಾ ರೋಗಿಗಳಿಗೆ, ಅಕ್ಷಿಪಟ ಸಂಶೋಧನೆಗೆ."

"ಅಕ್ಷಿಪಟ ಯಾರಿಗೂ ಹಾಕೋಕೆ ಬರಲ್ಲ ಅಂದ್ರಲ್ಲ ಡಾಕ್ಟರು?" ಎಂದ ಗಡಿಯಾರದಣ್ಣ.

"ಯಾರಿಗೂ ಹಾಕಲ್ಲಣ್ಣ. ಪ್ರಯೋಗಾಲಯದಲ್ಲಿ ಒಂದು ಸಣ್ಣ ತಟ್ಟೆಯಲ್ಲಿ ಪೋಷಕ ದ್ರವ ಹಾಕಿ, ಮೈಯಷ್ಟೇ ಬೆಚ್ಚಗಿಟ್ಟು, ಅಕ್ಷಿಪಟದ ಚೂರನ್ನ ಅದರಲ್ಲಿ ಬದುಕಿಸ್ತಾರೆ. ಕೆಲವು ದಿನ, ಒಮ್ಮೊಮ್ಮೆ ಎರಡು ವಾರ. ಹೊಸ ಔಷಧಿಯನ್ನ ನಿಮ್ಮ ಕಣ್ಣಿಗೆ ಹಾಕೋ ಮೊದಲು ಅದರ ಮೇಲೆ ಹಾಕಿ ನೋಡ್ತಾರೆ. ಇಲಿ ಕಣ್ಣಲ್ಲಿ ಕಲಿತದ್ದೆಲ್ಲ ಮನುಷ್ಯನಿಗೆ ಹೊಂದಲ್ಲ. ನರಕೋಶಗಳು ಒಂದಕ್ಕೊಂದು ಹೇಗೆ ಸುದ್ದಿ ಮುಟ್ಟಿಸ್ತವೆ ಅನ್ನೋದನ್ನೂ ಅಲ್ಲೇ ನೋಡ್ತಾರೆ. ಮಿದುಳಿನ ರೋಗ ಅರ್ಥ ಮಾಡಿಕೊಳ್ಳೋಕೂ ಅದು ಬೇಕು."

"ಅಂದ್ರೆ ನನ್ನಂಥವರ ರೋಗಕ್ಕೆ."

"ಹೌದು, ನಿಮ್ಮ ರೋಗಕ್ಕೇ. ಔಷಧಿ ನಿಮಗೇ ಸಿಗುತ್ತೆ ಅಂತ ಮಾತ್ರ ನಾನು ಹೇಳಲ್ಲ. ಹತ್ತು ವರ್ಷ ಆಗಬಹುದು, ಫಲಿಸದೇ ಇರಲೂಬಹುದು." ಅವಳು ಅರ್ಜಿ ತಿರುವಿದಳು. "ಎಷ್ಟು ಹೊತ್ತಿಗೆ ಹೋದರು?"

"ಒಂಬತ್ತು ಹತ್ತಕ್ಕೆ."

ನರ್ಸು ಕೈಗಡಿಯಾರ ನೋಡಿ ಹೇಳಿದಳು. "ಕಾರ್ನಿಯಾಕ್ಕೆ ಇನ್ನೂ ಸಮಯ ಇದೆ. ಅದು ಆರು ಗಂಟೆ ಕಾಯುತ್ತೆ. ಅಕ್ಷಿಪಟ ಹಾಗಲ್ಲ. ಉಸಿರು ನಿಂತ ಗಳಿಗೆಯಿಂದಲೇ ಅದು ಸಾಯ್ತಾ ಬರುತ್ತೆ. ನಿಮ್ಮ ಫೋನು ಒಂಬತ್ತೂವರೆಗೇ ಬಂದಿದ್ದರೆ..."

ಅವನ ಮುಖ ನೋಡಿ ಮಾತು ನಿಲ್ಲಿಸಿದಳು. ಅವನು ಪೆನ್ನಿಗಾಗಿ ಕೈ ಚಾಚಿದ. ಸಹಿ ಹಾಕುವ ಗೆರೆ ಅವನ ಕಿರಿದಾದ ನೋಟಕ್ಕೆ ಸಿಗಲಿಲ್ಲ. ಟೈಲರಮ್ಮ ಅವನ ಬೆರಳು ಹಿಡಿದು ಗೆರೆಯ ಮೇಲೆ ಇಟ್ಟಳು. ಅವನು ಕೈ ಕೊಡವಲಿಲ್ಲ.

ಒಂದು ತಿಂಗಳಾದಮೇಲೆ ನರ್ಸು ಅಂಗಡಿಗೆ ಬಂದಳು. ಅಮ್ಮನ ಕಾರ್ನಿಯಾಗಳಿಂದ ಇಬ್ಬರಿಗೆ ನೋಟ ಬಂದಿದೆ ಎಂದಳು.

"ಮತ್ತೆ ಅಕ್ಷಿಪಟ?"

"ತಟ್ಟೆಯಲ್ಲಿ ಬದುಕಲಿಲ್ಲಣ್ಣ. ತಡವಾಗಿತ್ತು. ಅದನ್ನ ಸಂರಕ್ಷಿಸಿ ಇಟ್ಟಿದ್ದಾರೆ, ಪದರಗಳನ್ನ ನೋಡಿ ಕಲಿಯೋಕಾಗುತ್ತೆ. ವ್ಯರ್ಥ ಅಲ್ಲ."

ಅವನು ಬಹಳ ಹೊತ್ತು ಮೇಜಿನ ಮೇಲಿನ ಗಡಿಯಾರವನ್ನು ತಿರುಗಿಸುತ್ತ ಕೂತ. ಯಾರಿಗೆ ಸಿಗಬಾರದೆಂದು ಸುಮ್ಮನೆ ಕೂತಿದ್ದನೋ ಅವರಿಗೆ ಸಿಕ್ಕಿತ್ತು. ಕೈತಪ್ಪಿದ್ದು ತನ್ನಂಥವರ ಪಾಲೇ.

"ನನ್ನ ಕಣ್ಣು ಹೀಗಿದೆಯಲ್ಲ" ಎಂದ ಕೊನೆಗೆ. "ಇದು ಯಾರಿಗಾದರೂ ಬೇಕಾ?"

"ಹೀಗಿರೋದಕ್ಕೇ ಬೇಕು. ರೋಗ ಇರೋ ಅಕ್ಷಿಪಟ ಸಿಗೋದು ಬಲು ಅಪರೂಪ."

ಎದುರಿನಿಂದ ಎದ್ದು ಬಂದಿದ್ದ ಟೈಲರಮ್ಮ ಕೇಳಿದಳು, "ನಂದು?"

"ನಿಮ್ಮದೂ ತಗೋತಾರೆ ಅಕ್ಕ."

"ಆದ್ರೆ ಇವರದು ಅಪರೂಪದ್ದು. ಈಗ ನನ್ನ ಹೊಟ್ಟೆ ಉರೀತಾ ಇದೆ ನೋಡಿ."

ಗಡಿಯಾರದಣ್ಣ ನಕ್ಕ. ಆಮೇಲೆ ಒಳಗಿಂದ ಬಂದ ಹೆಂಡತಿಯತ್ತ ತಿರುಗಿದ. "ನಾನು ಹೋದ ದಿನ ಮೊದಲು ಫೋನು, ಆಮೇಲೆ ಅಳು. ತಿಳೀತಾ?"

"ಫೋನು ಮಾಡ್ತೀನಿ. ಅಳೋದೋ ಬಿಡೋದೋ ಆವತ್ತು ನೋಡೋಣ."

ಓದಿದಿರಲ್ಲ. ಗಡಿಯಾರದಣ್ಣನ ಹೊಟ್ಟೆಕಿಚ್ಚು ಪೂರ್ತಿ ಆರಿದೆ ಎಂದು ನಾವು ಹೇಳುತ್ತಿಲ್ಲ. ನಿಮ್ಮದೂ ಆರಬೇಕಾಗಿಲ್ಲ. ಕಣ್ಣು ಕೊಡಲು ದೊಡ್ಡ ಮನಸ್ಸೇ ಬೇಕೆಂದಿಲ್ಲ, ಒಂದು ಸಹಿ ಸಾಕು. ವಯಸ್ಸಾದವರು, ಕನ್ನಡಕ ಹಾಕುವವರು, ಸಕ್ಕರೆ ಕಾಯಿಲೆಯವರು, ಕಣ್ಣೇ ಕಾಣದವರು ಕೂಡ ಹೆಸರು ಬರೆಸಬಹುದು. ಕೆಲವು ಸೋಂಕುಗಳಿದ್ದರೆ ತೆಗೆದುಕೊಳ್ಳುವುದಿಲ್ಲ, ಅದನ್ನು ಅವರೇ ಪರೀಕ್ಷಿಸುತ್ತಾರೆ. ಅರ್ಜಿಯಲ್ಲಿ ಸಂಶೋಧನೆಗೂ ಒಪ್ಪಿಗೆ ಇದೆಯೇ ಎಂದು ಕೇಳಿ ಬರೆಸಿ. ಹತ್ತಿರದ ಕಣ್ಣಿನ ಬ್ಯಾಂಕಿನ ನಂಬರನ್ನು ಮನೆಯವರ ಫೋನಿನಲ್ಲಿ ಇವತ್ತೇ ಹಾಕಿಡಿ. ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಅವರಿಗೆ ಬಾಯಿಬಿಟ್ಟು ಹೇಳಿ. ಆ ದಿನ ಬಂದಾಗ ದೂರದೂರಿನ ನೆಂಟರೆಲ್ಲ ಬರಲಿ, ಅಳಲಿ. ಅಳುವುದಕ್ಕೆ ಅವಸರವಿಲ್ಲ, ಫೋನಿಗೆ ಇದೆ.